ಹನ್ನೆರಡನೆಯ ತಟ್ಟೆ

ಮೈಸೂರು
2 ಜೂನ್ 2024

ಇಂಚರಾ,

ಮೊದಲು ಪಟ್ಟಿ. ಕ್ಷೇಮಸಮಾಚಾರ ಆಮೇಲೆ. ಊದುಬತ್ತಿ ಹೆಂಗಸರ ಸಂಘದಲ್ಲಿ ನಲವತ್ತು ವರ್ಷ ಹೀಗೇ ಕಾಗದ ಬರೆದವಳು ನಾನು.

ಕೊಟ್ಟ ಮಾತು: ಮಗನ ಮನೆಗೆ ಯಾವಾಗ ಬೇಕಾದರೂ ಬರಬಹುದು. ಸಿಕ್ಕಿದ್ದು: 2008ರಲ್ಲಿ ಆರು ತಿಂಗಳು. ಆಮೇಲೆ ಎರಡು ಸಲ ವೀಸಾಕ್ಕೆ ಅರ್ಜಿ ಹಾಕಿದೆ, ಎರಡು ಸಲವೂ ಇಲ್ಲ ಅಂದರು.

ಕೊಟ್ಟ ಮಾತು: ಟ್ರಾಮೋರ್ ಸಮುದ್ರದ ದಂಡೆಯ ಬಾಡಿಗೆ ಮನೆಯಲ್ಲಿ ನಾಲ್ಕು ಕನ್ನಡ ಸಂಸಾರ ಒಟ್ಟಿಗೆ ರಜೆ ಕಳೆಯೋಣ, ಒಂದೇ ಮೇಜಿನಲ್ಲಿ ಉಣ್ಣೋಣ. ಸಿಕ್ಕಿದ್ದು: ಮೇಜಿನ ತುದಿ, ಅದರ ಮೇಲೊಂದು ಕಾಗದದ ತಟ್ಟೆ.

ಕೊಟ್ಟ ಮಾತು: ಪ್ರತಿ ದೀಪಾವಳಿಗೂ ನಾವಿಬ್ಬರೂ ಒಟ್ಟಿಗೆ ಊಟ ಮಾಡೋಣ ಅಜ್ಜಿ. ಇದು ಎಂಟು ವರ್ಷದ ನೀನು ಮರಳಲ್ಲಿ ಕೂತು ಕೊಟ್ಟದ್ದು. ಸಿಕ್ಕಿತೋ ಇಲ್ಲವೋ ಎಂಬುದನ್ನು ಕೇಳಲೆಂದೇ ಈ ಕಾಗದ.

ಮರೆತಿದ್ದರೆ ಹೇಳುತ್ತೇನೆ. ನಾನು ವನಜಾ, ಡಾಕ್ಟರ್ ಹೇಮಚಂದ್ರನ ತಾಯಿ. ವಾಟರ್‌ಫರ್ಡ್‌ನಲ್ಲಿ ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ ಇತ್ತು. ಮೊಮ್ಮಗ ವಿಕ್ರಮನನ್ನು ನೋಡಿಕೊಳ್ಳಲು ಬಂದವಳ ಕೈಗೆ ನಿನ್ನನ್ನೂ ಕೊಟ್ಟು ನಿನ್ನಮ್ಮ ಶರ್ಮಿಳಾ ಕೆಲಸಕ್ಕೆ ಹೋಗುತ್ತಿದ್ದಳು. ಮಗುವನ್ನು ಕೊಡುವಾಗ ಅವಳಿಗೆ ನನ್ನ ಜಾತಿ ಅಡ್ಡ ಬರಲಿಲ್ಲ. ತಟ್ಟೆ ಕೊಡುವಾಗ ಬಂತು.

ಹೇಮುಗೆ ಹೋದ ತಿಂಗಳು ಡಬ್ಲಿನ್ ಹತ್ತಿರದ ಟಾಲಾದ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನೀನು ಸಿಕ್ಕೆಯಂತೆ, ನರ್ಸ್ ಆಗಿದ್ದೀಯಂತೆ. ವಿಳಾಸದ ಜೊತೆ ಫೋನ್ ನಂಬರೂ ಕಳಿಸಿದ್ದಾನೆ. ನಂಬರು ಬೇಡ. ಒದ್ದೆ ಮರಳಲ್ಲಿ ನಿನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದ್ದು ಕಾಗದ ಬರೆಯಲಿ ಎಂದು. ನೀನು ಅಳುತ್ತಿದ್ದೆ, ನಾವು 'ಳ'ಕ್ಕೆ ಬರುವಷ್ಟರಲ್ಲಿ ಅಲೆ ಬಂದು 'ಅ'ವನ್ನು ತಿಂದುಬಿಡುತ್ತದೆ ಎಂದು. ನಾನು ಒದ್ದೆ ಮರಳನ್ನು ಅಂಗೈಯಲ್ಲಿ ಹೊಸೆದು ಊದುಬತ್ತಿ ಮಾಡಿ ತೋರಿಸಿದರೆ ನಗುತ್ತಿದ್ದೆ. ವಿನಿಗರ್ ಸುರಿದ ಬಿಸಿ ಚಿಪ್ಸ್ ತಿನ್ನುತ್ತಾ ನನಗೆ ಇಂಗ್ಲಿಷ್ ಕಲಿಸಿದೆ. ಯಾರು ಏನು ಕೇಳಿದರೂ 'ಗ್ರ್ಯಾಂಡ್' ಅನ್ನಿ ಅಜ್ಜಿ, ಇಲ್ಲಿ ಅದು 'ಚೆನ್ನಾಗಿದೆ' ಅಂತ, ಸಾಕು. ಆರು ತಿಂಗಳು ಅದೊಂದರಲ್ಲೇ ಬದುಕಿದೆ.

ಆ ಮನೆಯ ಕಪಾಟಿನಲ್ಲಿ ನೀಲಿ ಅಂಚಿನ ಹನ್ನೆರಡು ಪಿಂಗಾಣಿ ತಟ್ಟೆಗಳಿದ್ದವು. ನಾವು ಹನ್ನೆರಡು ಜನ. ತಟ್ಟೆ ಸಾಲದು ಎಂದು ನಿನ್ನಮ್ಮ ನನಗೆ ಕಾಗದದ್ದನ್ನು ಕೊಟ್ಟಳು. ಇನ್ನೊಂದಿದೆ ಅಮ್ಮ, ನಾನು ಎಣಿಸಿದೀನಿ ಎಂದವಳು ನೀನೊಬ್ಬಳೇ. ನನ್ನ ಮಗ, ಊರೆಲ್ಲ ಹೆಸರಾದ ಡಾಕ್ಟರು, ತಲೆ ತಗ್ಗಿಸಿ ತಿಂದ.

ಮರುದಿನ ದೀಪಾವಳಿ ಅಮಾವಾಸ್ಯೆ. ನಮ್ಮ ಕೇರಿಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ. ಸತ್ತವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಚ್ಚಿ, ಹೊರಗೆ ನಿಂತು, ಮೂರು ಸಲ ಕೆಮ್ಮಿ ಒಳಗೆ ಹೋಗುತ್ತೇವೆ. ನಾನು ದೆವ್ವ ನಂಬುವವಳಲ್ಲ. ನನ್ನ ಗಂಡ ವೆಂಕಟೇಶ ಜೀವಮಾನವೆಲ್ಲ ಕಲ್ಯಾಣಮಂಟಪಗಳ ಪಾತ್ರೆ ತೊಳೆದು ಹಿಂಬಾಗಿಲಲ್ಲಿ ಉಳಿದದ್ದು ತಿಂದವನು. ಸತ್ತ ಮೇಲಾದರೂ ಅವನಿಗೆ ಮೊದಲ ಪಂಕ್ತಿ ಆಗಬೇಕು ಎಂದು ಇಡುತ್ತೇನೆ. ಅವತ್ತು ಕೋಸಿನ ಎಲೆಯ ಮೇಲೆ ಅಂಗಡಿಯ ಕರಿದ ಮೀನು, ಬೇಯಿಸಿದ ಮೊಟ್ಟೆ, ಒಂದು ಬೀಡಿ. ನನ್ನ ಜೊತೆ ಬಾಗಿಲ ಹೊರಗೆ ನಿಂತವಳು ನೀನು. ಕೆಮ್ಮಿ ಒಳಗೆ ಹೋದರೆ ಪಕ್ಕದಲ್ಲಿ ಇನ್ನೊಂದು ಎಡೆ, ಬಾಗಿಲು ಮುಚ್ಚುವ ಮೊದಲೇ ನನ್ನ ಕಣ್ಣು ತಪ್ಪಿಸಿ ನೀನಿಟ್ಟದ್ದು. ನೀಲಿ ತಟ್ಟೆಯಲ್ಲಿ ಒಂದು ಮೊಟ್ಟೆ, ಅಲ್ಲಿನವರ ಹಬ್ಬದ ಒಣದ್ರಾಕ್ಷಿ ಬ್ರೆಡ್ಡು ಬ್ರ್ಯಾಕ್‌ನ ಒಂದು ಚೂರು.

ಇದು ಯಾರಿಗೆ ಎಂದೆ.

"ನಿಮಗೆ ಅಜ್ಜಿ. ನಿಮಗೆ ತಟ್ಟೆ ಕೊಡಲಿಲ್ಲವಲ್ಲ."

ಬದುಕಿರುವವರಿಗೆ ಎಡೆ ಇಡಬಾರದೆಂದು ಹೇಳಿಕೊಟ್ಟಿರಲಿಲ್ಲ, ತಪ್ಪು ನನ್ನದು. ನಿನ್ನಮ್ಮ ಓಡಿಬಂದು ನಿನ್ನ ರಟ್ಟೆ ಹಿಡಿದು ಎಳೆದೊಯ್ದಳು. ನಾನು ನೆಲದ ಮೇಲೆ ಕೂತು, ಒಂದು ಚೂರೂ ಬಿಡದೆ ತಿಂದೆ. ಮರುದಿನ ಬೆಳಿಗ್ಗೆ ನಿಮ್ಮ ಕಾರು ಇರಲಿಲ್ಲ.

ಈಗ ಪ್ರಶ್ನೆ. ಆ ತಟ್ಟೆ ಏನಾಯಿತು? ಯೋಚಿಸಿ ಉತ್ತರ ಬರೆ. ಕಾರಣ ಇದೆ.

ಜೈ ಭೀಮ್,
ವನಜಾ


ಟಾಲಾ
21 ಜೂನ್ 2024

ಅಜ್ಜಿ,

ನಿಮ್ಮ ಕಾಗದವನ್ನು ಎರಡು ದಿನ ಕೂತು ಓದಿದೆ. ತಪ್ಪಿದ್ದರೆ ತಿದ್ದಿ ವಾಪಸ್ ಕಳಿಸಿ. ನೀವು ಹೋದಮೇಲೆ ಹಟ ಹಿಡಿದು ಭಾನುವಾರದ ಕನ್ನಡ ಕ್ಲಾಸಿಗೆ ಹೋದೆ. ಅಲ್ಲಿ ಹೃಷಿಕೇಶ್ ಅಂಕಲ್ ನನ್ನ 'ಳ' ನೋಡಿ, ಇದ್ಯಾರೋ ಹಳೇ ಕಾಲದವರು ಕಲಿಸಿದ 'ಳ' ಕಣಮ್ಮ ಅಂದಿದ್ದರು.

ತಟ್ಟೆ ನನ್ನ ಹತ್ತಿರ ಇದೆ. ಅವತ್ತು ಅಮ್ಮ ಬಟ್ಟೆ ತುಂಬುತ್ತಿದ್ದಾಗ ಸ್ವೆಟರ್ ಒಳಗಿಟ್ಟುಕೊಂಡು ಬಂದೆ. ಕದ್ದೆ ಅನ್ನಿ.

ಅಜ್ಜಿ, ನಾನು ಮಾತು ತಪ್ಪಲಿಲ್ಲ. ಪ್ರತಿ ವರ್ಷ ಇಟ್ಟಿದ್ದೀನಿ. ಅಮಾವಾಸ್ಯೆ ದಿನ, ಮಧ್ಯಾಹ್ನ ಒಂದು ಗಂಟೆಗೆ, ಅವತ್ತು ಇಟ್ಟ ಹೊತ್ತಿಗೇ. ಒಂದು ಮೊಟ್ಟೆ, ಒಂದು ಚೂರು ಬ್ರ್ಯಾಕ್. ಶಾಲೆ ಇದ್ದ ದಿನ ಹೊಟ್ಟೆನೋವು ಅಂತ ಸುಳ್ಳು ಹೇಳಿ ಮನೆಗೆ ಬರುತ್ತಿದ್ದೆ. ಕೋಣೆಯ ಬಾಗಿಲು ಮುಚ್ಚಿ ಹೊರಗೆ ನಿಲ್ಲೋದು, ಮೂರು ಸಲ ಕೆಮ್ಮೋದು, ಒಳಗೆ ಹೋಗೋದು. ಸತ್ತವರಿಗೆ ಮಾಡೋದನ್ನು ಮಾಡ್ತಿದೀನಿ ಅಂತ ಅನ್ನಿಸಲೇ ಇಲ್ಲ. ನಿಮ್ಮನ್ನು ಊಟಕ್ಕೆ ಕರೀತಿದೀನಿ ಅಷ್ಟೇ ಅಂದುಕೊಂಡಿದ್ದೆ.

ಈಗ ನಾನು ಯಾರಿಗೂ ಹೇಳದ್ದು. ತಿಂಡಿ ಕಡಿಮೆ ಆಗಿರೋದಿಲ್ಲ. ಆದರೆ ಬಾಯಿಗಿಟ್ಟರೆ ಅದರಲ್ಲಿ ರುಚಿಯೇ ಇರೋದಿಲ್ಲ. ಉಪ್ಪಿಲ್ಲ, ಸಿಹಿಯಿಲ್ಲ, ಒದ್ದೆ ಕಾಗದ ಜಗಿದ ಹಾಗೆ. ಕೋಣೆಯಲ್ಲಿ ಒಂದು ವಾಸನೆ. ಹಚ್ಚಿದ ಊದುಬತ್ತಿಯದಲ್ಲ, ನಿಮ್ಮ ಕೈಯಲ್ಲಿ ಇರ್ತಿತ್ತಲ್ಲ, ಹಸಿ ಇದ್ದಿಲುಪುಡಿ, ಅದು. ಮತ್ತೆ ತಟ್ಟೆಯ ನೀಲಿ ಅಂಚಿನ ಮೇಲೆ ಒಂದು ಕಪ್ಪು ಹೆಬ್ಬೆರಳಿನ ಗುರುತು.

ತೊಳೆದರೆ ಹೋಗಲ್ಲ. ಪ್ರತಿ ವರ್ಷ ಒಂದು ಜಾಸ್ತಿ.

ಮೊದಲ ಗುರುತು ಟ್ರಾಮೋರ್‌ದು. ನೀವೇ ಮುಟ್ಟಿದ್ದು ಅಂದುಕೊಂಡಿದ್ದೆ. ಉಳಿದವು? ನಾನು ಕ್ಲಾಸ್‌ನಲ್ಲಿ ಸೈನ್ಸ್ ಓದಿದವಳು. ತಟ್ಟೆಯ ಬಣ್ಣ ಹೋಗ್ತಿದೆ ಅಂತ ಹೇಳಿಕೊಂಡು ಇಷ್ಟು ವರ್ಷ ಸುಮ್ಮನಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಸುಮ್ಮನಿರೋಕೆ ಆಗ್ತಿಲ್ಲ. ಕಾರಣ ಇದೆ ಅಂದಿರಿ. ಏನದು?

ನಿಮ್ಮ
ಇಂಚರಾ


ಮೈಸೂರು
14 ಜುಲೈ 2024

ಮಗಾ,

ನಿನ್ನ 'ಳ' ಸರಿಯಾಗಿದೆ. ಹೇಳಿದವನಿಗೆ ನಮಸ್ಕಾರ ತಿಳಿಸು.

ನಾನು ಊದುಬತ್ತಿ ಹೊಸೆಯುವ ಹೆಂಗಸರ ಸಂಘದ ನಡಾವಳಿ ಪುಸ್ತಕ ಬರೆದವಳು. ನಡೆದದ್ದನ್ನು ನಡೆದ ಹೊತ್ತಿಗೇ ಬರೆದಿಡುವ ಚಾಳಿ. ಊರೂರು ತಿರುಗಿ ದೆವ್ವವಿಲ್ಲ, ಮಾಟವಿಲ್ಲ, ನಿಮ್ಮ ರಕ್ತ ಹೀರುವವನು ಗೋದಾಮಿನ ಸಾಹುಕಾರ ಎಂದು ಭಾಷಣ ಮಾಡಿದ್ದೇನೆ. ಅದನ್ನು ಇವತ್ತೂ ಹೇಳುತ್ತೇನೆ. ಆದರೆ ನನ್ನ ದಿನಚರಿಯಲ್ಲಿ ಹೀಗೆ ಬರೆದಿದೆ. ನೋಡಿ ಬರೆಯುತ್ತಿದ್ದೇನೆ.

2009, ದೀಪಾವಳಿ ಅಮಾವಾಸ್ಯೆ: ಸಂಜೆ ಐದೂವರೆ. ಕೂತಲ್ಲೇ ಕಣ್ಣು ಕತ್ತಲಾಯಿತು. ಬಾಯಲ್ಲಿ ಮೊಟ್ಟೆ, ಒಣದ್ರಾಕ್ಷಿ.

2010: ಆರೂವರೆ. ಅದೇ.

2011: ಐದೂವರೆ. ಅದೇ. ಉಂಡಷ್ಟು ಹೊಟ್ಟೆ ತುಂಬಿತು.

2018: ಆರೂವರೆ. ಗಟ್ಟಿ ವಸ್ತು ಕಚ್ಚಿದಂತಾಯಿತು. ಬಾಯಲ್ಲಿ ಏನೂ ಇಲ್ಲ. ಹಲ್ಲಿನ ಚೂರು ಮಾತ್ರ ಅಂಗೈಗೆ ಬಂತು.

2021: ಏನೂ ಇಲ್ಲ. ಏನು ತಿಂದರೂ ಹಸಿವು ಹೋಗಲಿಲ್ಲ.

ಹೋದ ವರ್ಷದ್ದನ್ನು ಬರೆದವಳು ನನ್ನ ಮಗಳು ವಾಸಂತಿ, ನಾನು ಬರೆಯುವ ಸ್ಥಿತಿಯಲ್ಲಿರಲಿಲ್ಲ. 'ಆರೂವರೆ. ಅವ್ವನ ಕಣ್ಣು ತೆರೆದೇ ಇತ್ತು. ಜಗಿಯುತ್ತಿದ್ದಳು. ಮೂಗಿನ ಹತ್ತಿರ ಬೆರಳಿಟ್ಟರೆ ಉಸಿರಿಲ್ಲ. ಹನ್ನೊಂದು ನಿಮಿಷ.'

ನಾನು ಕಂಡದ್ದನ್ನು ಅವಳಿಗೆ ಹೇಳಿಲ್ಲ. ನಿನಗೆ ಹೇಳುತ್ತೇನೆ. ಮುಂದೆ ನೀಲಿ ಅಂಚಿನ ತಟ್ಟೆ. ಎದುರಿಗೆ ಮುಚ್ಚಿದ ಬಿಳಿ ಬಾಗಿಲು. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದ. ಮೊದಲ ವರ್ಷಗಳಲ್ಲಿ ಚಿಕ್ಕ ಪಾದ, ಒಂದು ಕಡೆ ನಿಲ್ಲುತ್ತಿರಲಿಲ್ಲ. ವರ್ಷದಿಂದ ವರ್ಷಕ್ಕೆ ಬೆಳೆದವು. ಒಂದು ವರ್ಷ ಬಲಗಾಲಿಗೆ ಬಿಳಿಯ ದಪ್ಪ ಪಟ್ಟಿ ಇತ್ತು. ಆಮೇಲೆ ಮೂರು ಕೆಮ್ಮು ಕೇಳುತ್ತದೆ. ಕೇಳಿದ ಕೂಡಲೇ ಇಲ್ಲಿ, ಚಾಪೆಯ ಮೇಲೆ.

ನೀನು ಬೆಳೆದದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ ಇಂಚರಾ. ಹದಿನೈದು ವರ್ಷ ಇದು ಮುದಿತಲೆಯ ಕನಸು ಎಂದುಕೊಂಡಿದ್ದೆ.

ಆ ಹೆಬ್ಬೆಟ್ಟಿನ ವಿಷಯ ಓದಿ ಸಿಟ್ಟು ಬಂತು. ನಾನು ಹೆಬ್ಬೆಟ್ಟಿನವಳಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ರಾತ್ರಿಶಾಲೆಯಲ್ಲಿ ಸಹಿ ಕಲಿತೆ, ಅಂದಿನಿಂದ ಎಲ್ಲೂ ಬೆರಳು ಒತ್ತಿಲ್ಲ. ಒತ್ತಿದ್ದು ವೀಸಾ ಅರ್ಜಿಗೆ ಮಾತ್ರ. ಅಲ್ಲಿನ ಹುಡುಗಿ ಗಾಜಿನ ಮೇಲೆ ನನ್ನ ಬೆರಳು ಒತ್ತಿ ಒತ್ತಿ ಸೋತಳು. ಗೆರೆಯೇ ಇಲ್ಲ ಅಜ್ಜಿ, ಸವೆದುಹೋಗಿವೆ ಅಂದಳು. ಮೂವತ್ತು ವರ್ಷ ಹೊಸೆದರೆ ಇನ್ನೇನಾಗುತ್ತದೆ. ಹೊಸೆಯುವುದು ಬಿಟ್ಟೂ ಹತ್ತು ವರ್ಷವಾಯಿತು, ಕೈಯಲ್ಲಿ ಮಸಿಯಿಲ್ಲ.

ನಿನ್ನ ತಟ್ಟೆಯ ಮೇಲಿನ ಗುರುತಿನಲ್ಲಿ ಗೆರೆ ಇವೆಯೇ? ನೋಡಿ ಬರೆ.

ಜೈ ಭೀಮ್,
ವನಜಾ


ಟಾಲಾ
6 ಆಗಸ್ಟ್ 2024

ಅಜ್ಜಿ,

ಗೆರೆ ಇವೆ. ಪ್ರತಿಯೊಂದೂ ಸ್ಪಷ್ಟ. ಬೆರಳ ಮಧ್ಯೆ ಅಡ್ಡಕ್ಕೆ ಒಂದು ಗಾಯದ ಕಲೆಯೂ ಇದೆ.

ನಿಮ್ಮ ದಿನಚರಿ ಇಟ್ಟುಕೊಂಡು ಕೂತೆ. ಐದೂವರೆ, ಆರೂವರೆ ಯಾಕೆ ಬದಲಾಗುತ್ತದೆ ಅಂತ ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ಇಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಮಾವಾಸ್ಯೆ ಅದಕ್ಕಿಂತ ಮುಂಚೆ ಬಂದ ವರ್ಷ ನಮ್ಮ ಒಂದು ಗಂಟೆ ಅಂದರೆ ನಿಮ್ಮ ಐದೂವರೆ. ಆಮೇಲೆ ಬಂದ ವರ್ಷ ಆರೂವರೆ. ಒಂದೊಂದೇ ವರ್ಷ ಕ್ಯಾಲೆಂಡರ್ ತೆಗೆದು ನೋಡಿದೆ. ಒಂದೂ ತಪ್ಪಿಲ್ಲ.

2013ರಲ್ಲಿ ಕ್ಯಾಮೊಗಿ ಅನ್ನೋ ಹಾಕಿಯಂಥ ಆಟದಲ್ಲಿ ಬಲಗಾಲು ಮುರಿದಿತ್ತು, ಪ್ಲಾಸ್ಟರ್ ಹಾಕಿದ್ದರು. 2018ರಲ್ಲಿ ಇಟ್ಟ ಬ್ರ್ಯಾಕ್ ಚೂರಿನಲ್ಲಿ ಉಂಗುರ ಇತ್ತು. ಇಲ್ಲಿ ಹಬ್ಬದ ಬ್ರ್ಯಾಕ್ ಒಳಗೆ ಒಂದು ಅಗ್ಗದ ಉಂಗುರ ಇಟ್ಟು ಬೇಯಿಸುತ್ತಾರೆ, ಸಿಕ್ಕವರಿಗೆ ಅದೃಷ್ಟ ಅಂತ. ನಿಮಗೆ ಹಲ್ಲು ಹೋಯಿತು.

2021ರಲ್ಲಿ ನಾನು ಲಿಮೆರಿಕ್‌ನಲ್ಲಿ ಓದುತ್ತಿದ್ದೆ. ಮನೆಯಲ್ಲಿ ಜೊತೆಗಿದ್ದ ಅಪೂರ್ವಾ ತಟ್ಟೆ ನೋಡಿ, ಏನೇ ಇದು, ಬದುಕಿರೋರಿಗೆ ತಿಥಿನಾ ಅಂದಳು. ನಾಚಿಕೆ ಆಯ್ತು. ಆ ಒಂದು ವರ್ಷ ಇಡಲಿಲ್ಲ, ಮೊದಲು ಬರೆದಾಗ ಅದನ್ನು ನಿಮ್ಮಿಂದ ಮುಚ್ಚಿಟ್ಟೆ. ನೀವು ಆ ದಿನ ಹಸಿದಿದ್ದಿರಿ.

ಈಗ ಹೋದ ವರ್ಷದ್ದು. ನಾನು ಬಾಗಿಲು ಮುಚ್ಚಿ ಸಾಮಾನ್ಯವಾಗಿ ಒಂದೆರಡು ನಿಮಿಷ ನಿಲ್ಲುತ್ತೀನಿ. ಆ ದಿನ ಮುಚ್ಚಿದ ತಕ್ಷಣ ವಾರ್ಡಿನಿಂದ ಫೋನ್ ಬಂತು. ಮಾತು ಮುಗಿಸಿ ಕೆಮ್ಮಿದೆ. ಫೋನ್‌ನಲ್ಲಿ ಆ ಕರೆ ಇನ್ನೂ ಇದೆ. ಹನ್ನೊಂದು ನಿಮಿಷ.

ನಾನು ನರ್ಸ್, ಅಜ್ಜಿ. ಉಸಿರು ನಿಂತವರನ್ನು ನೋಡೋದು ನನ್ನ ಕೆಲಸ. ಹನ್ನೊಂದು ನಿಮಿಷ ಅಂದರೆ ಏನು ಅಂತ ನಿಮ್ಮ ಮಗನನ್ನು ಕೇಳಿ.

ಇನ್ನೊಂದು ಇದೆ. ಗುರುತು ಒಂದರ ಪಕ್ಕ ಒಂದು, ಅಂಚಿನ ಸುತ್ತ ಬಂದಿವೆ. ಹದಿನೈದು. ಇನ್ನೊಂದು ಹೆಬ್ಬೆರಳಿಗೆ ಆಗುವಷ್ಟೇ ಜಾಗ ಉಳಿದಿದೆ. ಅಳತೆಗೋಲಿಟ್ಟು ನೋಡಿದೆ.

ಈ ವರ್ಷ ಎಡೆ ಇಡಲ್ಲ. ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟಿದೀನಿ. ಕ್ಷಮಿಸಿ.

ಇಂಚರಾ


ಮೈಸೂರು
27 ಆಗಸ್ಟ್ 2024

ಇಂಚರಾ,

ಬಲಗೈ ಹೆಬ್ಬೆರಳಿನ ಆ ಕಲೆ ಬಿದಿರುಕಡ್ಡಿ ಚುಚ್ಚಿದ್ದು. ಗೆರೆಗಳ ಜೊತೆ ಅದೂ ಸವೆದುಹೋಗಿತ್ತು. ನನ್ನ ಬೆರಳಿನಲ್ಲಿ ಇಲ್ಲದ್ದು ನಿನ್ನ ತಟ್ಟೆಯಲ್ಲಿದೆ.

ನಿನ್ನ ಪ್ರೀತಿ ಅರ್ಥವಾಯಿತು. ಅದಕ್ಕೆ ನನ್ನ ಉತ್ತರ ಇದು: ನನ್ನನ್ನು ಕೇಳದೆ ನನ್ನ ಬಗ್ಗೆ ತೀರ್ಮಾನ ಮಾಡಬೇಡ. ಜೀವಮಾನವೆಲ್ಲ ಬೇರೆಯವರು ಅದನ್ನೇ ಮಾಡಿದ್ದಾರೆ. ಎಲ್ಲಿ ಕೂರಬೇಕು, ಯಾವುದರಲ್ಲಿ ತಿನ್ನಬೇಕು, ಯಾವ ಬಾಗಿಲಿಂದ ಬರಬೇಕು. ವೀಸಾ ಬೇಡವೆಂದವರ ಕಾಗದ ನನ್ನ ಮುಂದಿದೆ. ಹೇಮುವಿಂದ ಕನ್ನಡ ಮಾಡಿಸಿಕೊಂಡೆ. 'ಅರ್ಜಿದಾರಳು ತನ್ನ ದೇಶಕ್ಕೆ ಹಿಂದಿರುಗುತ್ತಾಳೆಂಬ ನಂಬಿಕೆ ನಮಗಿಲ್ಲ.' ಎಪ್ಪತ್ತಾರು ವರ್ಷದ ಹೆಂಗಸು ಅವರ ನೆಲದಲ್ಲಿ ಬೇರು ಬಿಟ್ಟುಬಿಡುತ್ತಾಳೆ ಎಂದು ಒಂದು ಸರ್ಕಾರಕ್ಕೆ ಭಯ. ಈಗ ನಿನಗೂ ಅದೇ ಭಯ, ದಿಕ್ಕು ಮಾತ್ರ ಬೇರೆ.

ನನ್ನ ಹೃದಯ ಮುಕ್ಕಾಲು ಪಾಲು ಮುಗಿದಿದೆ ಎಂದು ಇಲ್ಲಿನ ಡಾಕ್ಟರು ಏಪ್ರಿಲ್‌ನಲ್ಲೇ ಹೇಳಿದ್ದಾರೆ. ವಾಸಂತಿಗೆ ಗೊತ್ತು. ಹೇಮುಗೆ ಹೇಳಿಲ್ಲ, ಹೇಳಬೇಡ. ಕಾಗದ ಬರೆಯಲು ಕೂತದ್ದು ಅದಕ್ಕೇ. ಎಡೆ ಇಟ್ಟರೂ ಇಡದಿದ್ದರೂ ಮುಂದಿನ ವರ್ಷದ ದೀಪಾವಳಿ ನನ್ನದಲ್ಲ. ಹಸಿದು ಹೋಗಬೇಕೋ ಉಂಡು ಹೋಗಬೇಕೋ, ಇಷ್ಟೇ ಉಳಿದಿರುವುದು.

ಹಾಗೆಂದು ಮೊಟ್ಟೆಗೂ ಬ್ರೆಡ್ಡಿಗೂ ಬರುವುದಿಲ್ಲ. ಹದಿನೈದು ಸಲ ಬಂದು ಒಬ್ಬಳೇ ಕೂತು ತಿಂದಿದ್ದೇನೆ, ಕಳ್ಳಿಯ ಹಾಗೆ, ಮುಚ್ಚಿದ ಬಾಗಿಲ ಹಿಂದೆ. ನೀನು ಮಗುವಾಗಿದ್ದೆ, ನಿನ್ನ ಕೈಲಾದದ್ದು ಅಷ್ಟು. ಈ ಸಲ ಬಡಿಸಬೇಕಾದವಳು ನಿನ್ನಮ್ಮ. ಅವಳ ಕೈಯಿಂದ, ಆ ತಟ್ಟೆಗೆ. ಅಯ್ಯೋ ಮುದುಕಿ ಸಾಯುತ್ತಿದ್ದಾಳೆ ಎಂದು ಕನಿಕರಕ್ಕೆ ಬಡಿಸಿದರೆ ಮುಟ್ಟುವುದಿಲ್ಲ. ನನ್ನ ಹೃದಯದ ವಿಷಯ ಅವಳ ಮುಂದೆ ಎತ್ತಬೇಡ. ತಟ್ಟೆಯನ್ನು ಮಾತ್ರ ಎತ್ತು.

ಜೈ ಭೀಮ್,
ವನಜಾ


ಟಾಲಾ
19 ಸೆಪ್ಟೆಂಬರ್ 2024

ಅಜ್ಜಿ,

ತಡವಾಯಿತು. ನಿಮ್ಮ ಕಾಗದ ಓದಿ ಒಂದು ವಾರ ಸಿಟ್ಟಲ್ಲೇ ವಾರ್ಡಿಗೆ ಹೋಗಿ ಬಂದೆ. ಬೈಯಬೇಕು ಅನ್ನಿಸಿತ್ತು. ನಿಮಗೆ ಬೈಯೋಕೆ ನನ್ನ ಕನ್ನಡ ಸಾಲದು.

ಭಾನುವಾರ ವಾಟರ್‌ಫರ್ಡ್‌ಗೆ ಹೋದೆ. ಅಪ್ಪ ದಿಲೀಪ್ ಹಿತ್ತಲಲ್ಲಿ ಹುಲ್ಲು ಕತ್ತರಿಸುತ್ತಿದ್ದರು, ಮನೆಯಲ್ಲಿ ಜಗಳ ಏಳುವ ಹೊತ್ತಿಗೇ ಅವರಿಗೆ ಯಾವಾಗಲೂ ಹುಲ್ಲು ಬೆಳೆದಿರುತ್ತದೆ. ಊಟಕ್ಕೆ ಕೂತಾಗ ಸುತ್ತಿದ ಬಟ್ಟೆ ಬಿಚ್ಚಿ ತಟ್ಟೆಯನ್ನು ಅಮ್ಮನ ಮುಂದಿಟ್ಟೆ. ಮೊದಲು ಗುರುತು ಸಿಕ್ಕದವರ ಹಾಗೆ ನೋಡಿದರು. ಆಮೇಲೆ ಅವರದು ಹಳೇ ಮಾತು. ಅವತ್ತು ತಟ್ಟೆ ಕಡಿಮೆ ಇತ್ತು, ಮನೆ ನಮ್ಮದಲ್ಲ, ವನಜಮ್ಮ ಒಡೆದುಬಿಟ್ಟರೆ ಅಂತ. ನಾವು ಹಾಗೆಲ್ಲ ಭೇದ ಮಾಡೋ ಜನ ಅಲ್ಲ, ನಿನ್ನನ್ನೇ ಅವರ ಕೈಗೆ ಬಿಡ್ತಿರಲಿಲ್ವಾ ಅಂದರು.

ನಾನು ಕಪಾಟಿನಿಂದ ಕಾಗದದ ತಟ್ಟೆ ತಂದು, ಅವರ ಮುಂದಿದ್ದ ಊಟವನ್ನು ಅದಕ್ಕೆ ಸುರಿದು, ಮೇಜಿನ ತುದಿಗಿಟ್ಟೆ. "ಇಲ್ಲಿ ಕೂತು ತಿನ್ನಮ್ಮ. ಗ್ರ್ಯಾಂಡ್ ಆಗಿರತ್ತೆ."

ಒರಟಾಯಿತು, ಗೊತ್ತು. ನಿಮ್ಮಿಂದಲೇ ಕಲಿತದ್ದು.

ಅವರು ತಿನ್ನಲಿಲ್ಲ. ನೀಲಿ ತಟ್ಟೆಯನ್ನು ಕೈಗೆತ್ತಿಕೊಂಡು ಅಂಚಿನ ಗುರುತುಗಳನ್ನು ಎಣಿಸಿದರು. ಎರಡು ಸಲ. ಸಿಂಕಿಗೆ ಹೋಗಿ ಉಜ್ಜಿದರು. ಉಜ್ಜುತ್ತಾ ಉಜ್ಜುತ್ತಾ ನಿಂತುಬಿಟ್ಟರು. ಬೆನ್ನು ನನ್ನ ಕಡೆ ಇತ್ತು.

"ವನಜಮ್ಮನ ವಿಳಾಸ ಕೊಡು," ಅಂದರು.

ಪ್ರತಿ ದೀಪಾವಳಿಯ ಎಡೆ, ಈ ಸಲ ಬಡಿಸಬೇಕಾದವರು ಅವರು ಅನ್ನೋದು, ಇಷ್ಟು ಹೇಳಿದೆ. ನಿಮ್ಮ ಹೃದಯದ ವಿಷಯ ಎತ್ತಿಲ್ಲ. ಇಲ್ಲಿ ವಾಸನೆ ಶುರುವಾಗಿದೆ ಅಜ್ಜಿ. ಎಡೆ ಇಡದೆಯೇ. ಸೆಪ್ಟೆಂಬರ್‌ನಲ್ಲೇ.

ಇಂಚರಾ


ವಾಟರ್‌ಫರ್ಡ್
26 ಸೆಪ್ಟೆಂಬರ್ 2024

ವನಜಮ್ಮನವರೇ,

ನಾನು ಶರ್ಮಿಳಾ. ತುಂಬ ವರ್ಷದ ಮೇಲೆ ಕನ್ನಡದಲ್ಲಿ ಕಾಗದ ಬರೆಯುತ್ತಿದ್ದೇನೆ.

ಮಗಳಿಗೆ ಹೇಳದ್ದನ್ನು ನಿಮಗೆ ಹೇಳಬೇಕು. ಟ್ರಾಮೋರ್‌ನಲ್ಲಿ ನೀವು ಎಡೆ ಇಟ್ಟು ಬಾಗಿಲು ಮುಚ್ಚಿದಾಗ ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಅಡುಗೆಮನೆಯ ಕಿಟಕಿಯಿಂದ ಒಳಗೆ ನೋಡಿದೆ. ನೀವು ನೆಲದ ಮೇಲೆ ಕೂತು ನೀಲಿ ತಟ್ಟೆಯಿಂದ ತಿನ್ನುತ್ತಿದ್ದಿರಿ. ತಲೆ ಎತ್ತಿ ನನ್ನನ್ನು ನೋಡಿದಿರಿ. ಮಗಳೆಲ್ಲಿ ಎಂದು ನಾನು ಸುತ್ತು ಹಾಕಿ ಒಳಗೆ ಓಡಿಬಂದರೆ, ಮುಚ್ಚಿದ ಬಾಗಿಲ ಹೊರಗೆ ಇಂಚರಾಳ ಕೈ ಹಿಡಿದು ನಿಂತಿದ್ದವರೂ ನೀವೇ. ಕೆಮ್ಮಿ ಬಾಗಿಲು ತೆರೆದಿರಿ. ಒಳಗೆ ಯಾರೂ ಇರಲಿಲ್ಲ.

ಅದಕ್ಕೇ ಅವಳನ್ನು ಎಳೆದುಕೊಂಡು ಹೋದೆ, ಅದಕ್ಕೇ ಹದಿನಾರು ವರ್ಷ ನಿಮ್ಮ ಹೆಸರೆತ್ತಲು ಬಿಡಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹೆದರಿದವಳ ಮೇಲೆ ಯಾರೂ ತಪ್ಪು ಹೊರಿಸುವುದಿಲ್ಲವಲ್ಲ. ಆದರೆ ಕಾಗದದ ತಟ್ಟೆ ಕೊಟ್ಟದ್ದು ಅದರ ಹಿಂದಿನ ದಿನ. ಅವತ್ತು ನಾನು ಯಾವ ದೆವ್ವವನ್ನೂ ನೋಡಿರಲಿಲ್ಲ.

ಕಪಾಟಿನಲ್ಲಿ ಹನ್ನೆರಡು ತಟ್ಟೆ ಇದ್ದವು. ನಾನೂ ಎಣಿಸಿದ್ದೆ.

ಕ್ಷಮೆ ಕೇಳುತ್ತಿಲ್ಲ, ಕೇಳಿದರೆ ಸುಲಭವಾಗಿಬಿಡುತ್ತದೆ ಅನ್ನಿಸುತ್ತದೆ. ಅದೇ ಮನೆಯನ್ನು ದೀಪಾವಳಿ ಬೀಳುವ ಮಧ್ಯಾವಧಿ ರಜೆಗೆ ಬುಕ್ ಮಾಡಿದ್ದೇನೆ. ಒಡತಿ ಬದಲಾಗಿದ್ದಾಳೆ, ಅಡುಗೆಮನೆಯ ಬಾಗಿಲು ಅದೇ ಎಂದು ಫೋಟೋದಲ್ಲಿ ನೋಡಿದೆ. ನಾನೇ ಬಡಿಸುತ್ತೇನೆ. ನೀವು ಏನು ಉಣ್ಣುತ್ತೀರಿ ಎಂದು ಆರು ತಿಂಗಳಲ್ಲಿ ಒಂದು ದಿನವೂ ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ.

ಇತಿ,
ಶರ್ಮಿಳಾ


ಮೈಸೂರು
12 ಅಕ್ಟೋಬರ್ 2024

ಶರ್ಮಿಳಾ, ಇಂಚರಾ, ಇಬ್ಬರಿಗೂ,

ಇದನ್ನು ವಾಸಂತಿ ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಾಳೆ. ಅಕ್ಷರ ಓರೆಯಾಗಿದ್ದರೆ ಒರಗಿಕೊಂಡು ಬರೆದದ್ದಕ್ಕೆ.

ಶರ್ಮಿಳಾ, ನೀನು ಕೊನೆಗೂ ಎಣಿಕೆ ಒಪ್ಪಿಕೊಂಡೆ. ಅಷ್ಟು ಸಾಕೆಂದು ನಾನು ಹೇಳುವುದಿಲ್ಲ. ಆದರೆ ಅದಿಲ್ಲದೆ ಮುಂದಿನದು ಯಾವುದೂ ಇಲ್ಲ. ಕಿಟಕಿಯಿಂದ ನೀನು ನೋಡಿದ್ದು ನನಗೆ ನೆನಪಿಲ್ಲ. ಬಾಗಿಲ ಹೊರಗೆ ನಿಂತಾಗ ಹೊಟ್ಟೆ ತುಂಬಿದ ಹಾಗಾಗಿತ್ತು, ಅದು ಮಾತ್ರ ನೆನಪಿದೆ.

ಊಟ ಕೇಳಿದೆ. ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಒಂದು ಹಸಿ ಈರುಳ್ಳಿ. ರಾಗಿಹಿಟ್ಟು ಡಬ್ಲಿನ್ ಅಂಗಡಿಯಲ್ಲಿ ಸಿಗುತ್ತದೆಂದು ಹೇಮು ಹೇಳುತ್ತಿದ್ದ. ಮುದ್ದೆ ಗಂಟಾದರೆ ತಿನ್ನುವುದಿಲ್ಲ, ಸತ್ಯವಾಗಿ ಎದ್ದು ಹೋಗುತ್ತೇನೆ. ಕೊನೆಗೆ ಇಂಚರಾಳ ಬ್ರ್ಯಾಕ್ ಒಂದು ಚೂರು, ಉಂಗುರ ತೆಗೆದು.

ನೆಲದ ಮೇಲಲ್ಲ, ಮೇಜಿನ ಮೇಲೆ. ತುದಿಯಲ್ಲಲ್ಲ, ನಡುವೆ. ನೀವಿಬ್ಬರೂ ಎದುರಿಗೆ ಕೂತು ಉಣ್ಣಿ. ಹೇಮುವನ್ನೂ ಕರೆಯಿರಿ, ಅವನು ಆ ಮೇಜಿನಲ್ಲಿ ತಲೆ ಎತ್ತಿ ಉಣ್ಣುವುದನ್ನು ನಾನು ನೋಡಬೇಕು. ಕಾರಣ ಹೇಳಬೇಡಿ, ಅವ್ವ ಕರೆದಳು ಅನ್ನಿ.

ಬಾಗಿಲು ಮುಚ್ಚಬೇಡಿ. ಮುಚ್ಚುವುದು ಸತ್ತವರಿಗೆ, ಹೊರಗಿಡುವುದು ನಮ್ಮಂಥವರಿಗೆ. ನನಗೆ ಎರಡೂ ಆಯಿತು.

ಇಂಚರಾ, ನೀನು ಕೆಮ್ಮಬೇಡ. ಇಷ್ಟು ವರ್ಷ ನಿನ್ನ ಮೂರು ಕೆಮ್ಮಿಗೆ ನಾನು ತುತ್ತು ಬಿಟ್ಟು ಎದ್ದಿದ್ದೇನೆ. ಈ ಸಲ ಊಟ ಮುಗಿದ ಮೇಲೆ ನಾನೇ ಏಳುತ್ತೇನೆ. ಎಷ್ಟು ಹೊತ್ತಾಗುತ್ತದೋ ಅಷ್ಟು ಹೊತ್ತು. ಎದ್ದು ಚಾಪೆಗೆ ಬರುತ್ತೇನೋ ಇಲ್ಲವೋ ಗೊತ್ತಿಲ್ಲ. ವಾಸಂತಿಗೆ ಎಲ್ಲ ಹೇಳಿದ್ದೇನೆ. ಅತ್ತಳು, ಬೈದಳು, ಆಮೇಲೆ ನನ್ನ ಒಳ್ಳೆಯ ನೀಲಿ ಸೀರೆಯನ್ನು ಇಸ್ತ್ರಿಗೆ ಕೊಟ್ಟು ಬಂದಳು. ಹಿಂದಿರುಗುತ್ತಾಳೆಂಬ ನಂಬಿಕೆ ಇಲ್ಲ ಎಂದು ಬರೆದವರಿದ್ದಾರಲ್ಲ, ಅವರ ಮಾತು ನಿಜವಾದರೆ ಅದು ನನ್ನ ಇಷ್ಟ, ಅವರ ತೀರ್ಪಲ್ಲ.

ಅಂಚಿನಲ್ಲಿ ಉಳಿದ ಜಾಗಕ್ಕೆ ಹೆಬ್ಬೆಟ್ಟು ಒತ್ತುವುದಿಲ್ಲ. ಹುಡುಕಿ ನೋಡಿ, ಸಣ್ಣದಾಗಿ ನನ್ನ ಸಹಿಯ ಮೂರಕ್ಷರ ಇರುತ್ತವೆ.

ಜೈ ಭೀಮ್,
ವನಜಾ

ಮರೆಯಬೇಡಿ, ಆ ಹೊತ್ತಿಗೆ ನಿಮ್ಮ ಗಡಿಯಾರ ಹಿಂದಕ್ಕೆ ತಿರುಗಿಸಿ ಆಗಿರುತ್ತದೆ. ನವೆಂಬರ್ ಒಂದು, ಶುಕ್ರವಾರ, ಅಮಾವಾಸ್ಯೆ, ಟ್ರಾಮೋರ್ ಮನೆ, ಮಧ್ಯಾಹ್ನ ಸರಿಯಾಗಿ ಒಂದು ಗಂಟೆ.